ನೂಲು ಬೇಕು, ಬಾವುಟ ಬೇಡ

ರಾಟೆಯ ಮುಂದೆ ಕೂತವಳ ಕೈ ನೋಡಬೇಕು. ಬಲಗೈ ಚಕ್ರ ತಿರುಗಿಸುತ್ತದೆ, ಎಡಗೈ ಹಂಜಿಯನ್ನು ಮೆಲ್ಲಗೆ ಹಿಂದಕ್ಕೆಳೆಯುತ್ತದೆ. ಎಳೆ ಕಡಿದರೆ ತುದಿಗೆ ತುದಿ ಸೇರಿಸಿ ಹೊಸೆದು ಮತ್ತೆ ಶುರು. ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ 1927ರಲ್ಲಿ ಇಂಥ ರಾಟೆಗಳಿಗೆ ಆಸರೆಯಾದದ್ದು ಮೈಸೂರು ಸರ್ಕಾರ. ಅದೇ ವರ್ಷ ಗಾಂಧೀಜಿ ಸಂಸ್ಥಾನದ ಅತಿಥಿಯಾಗಿ ನಂದಿಬೆಟ್ಟದಲ್ಲಿದ್ದರು. ಬ್ರಿಟಿಷರನ್ನು ಎದುರಿಸುತ್ತಿದ್ದವರ ಗುರುತಾದ ಖಾದಿಯನ್ನೇ ಬ್ರಿಟಿಷರ ಅಧೀನದ ಅರಮನೆ ಪೋಷಿಸಿತು.

ಅದು ಬರಿಯ ನಟನೆಯಲ್ಲ. ಬಡ ಹೆಂಗಸರ ಕೈಗೆ ಕೂಲಿ ಬಂತು, ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಮೇಲೆ ಜನಕ್ಕಿದ್ದ ಪ್ರೀತಿಯೂ ನಿಜ. ಆದರೆ ಮತ ಕೇಳದೆ ಆಳುವವರಿಗೆ ಒಳ್ಳೆಯ ಕೆಲಸವೇ ಅಧಿಕಾರಪತ್ರವೂ ಆಗಿಬಿಡುತ್ತದೆ. 1881ರಲ್ಲಿ ದಿವಾನ್ ರಂಗಾಚಾರ್ಲು ಆರಂಭಿಸಿದ ಪ್ರಜಾಪ್ರತಿನಿಧಿ ಸಭೆಯಲ್ಲಿ ಕಷ್ಟ ಹೇಳಿಕೊಳ್ಳಬಹುದಿತ್ತು, ತೀರ್ಮಾನ ದಿವಾನರದೇ. ಮುಂದೆ ಮತದಾನ ಬಂದಾಗಲೂ ಅದು ಕಂದಾಯ ಕಟ್ಟುವವರ, ಆಸ್ತಿಯಿದ್ದವರ ಹಕ್ಕಾಗಿತ್ತು. ಕೂಲಿಗೆ ನೂಲುವವಳು ಆ ಲೆಕ್ಕದಲ್ಲೇ ಇರಲಿಲ್ಲ.

ಈ ಪೋಷಣೆಯನ್ನು ಒರೆಗೆ ಹಚ್ಚಿದ್ದು 1938ರ ಏಪ್ರಿಲ್. ಮದ್ದೂರಿನ ಶಿವಪುರದಲ್ಲಿ ಕಾಂಗ್ರೆಸ್ ಬಾವುಟ ಹಾರಿಸಬಾರದೆಂದು ಸರ್ಕಾರ ತಡೆದರೂ ನಾಯಕ ಟಿ. ಸಿದ್ದಲಿಂಗಯ್ಯ ಹಾರಿಸಿದರು, ಬಂಧಿತರಾದರು. 25ರಂದು ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ಅದೇ ಬಾವುಟಕ್ಕಾಗಿ ನೆರೆದವರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಹಲವರು ಸತ್ತರು. ನೂಲಿಗೆ ಕೂಲಿ ಕೊಟ್ಟ ಸರ್ಕಾರಕ್ಕೆ ಅದೇ ಖಾದಿ ಬಾವುಟವಾದಾಗ ಸಹಿಸಲಾಗಲಿಲ್ಲ. ಖಾದಿ ಕಸುಬಾಗಿದ್ದಷ್ಟು ದಿನ ಅದು ಪ್ರಭುವಿನ ಕೃಪೆ. ಬಾವುಟವಾದ ದಿನ ಪ್ರಜೆಯ ಹಕ್ಕು. ಕೊಡುವುದು ಸುಲಭ, ಕೇಳಿಸಿಕೊಳ್ಳುವುದು ಕಷ್ಟ.

ಮುಂದೇನಾಯಿತು ಎಂಬುದು ಇನ್ನೂ ಮುಖ್ಯ. ಮೇ ತಿಂಗಳಲ್ಲೇ ದಿವಾನ್ ಮಿರ್ಜಾ ಇಸ್ಮಾಯಿಲ್ ವಲ್ಲಭಭಾಯಿ ಪಟೇಲರೊಂದಿಗೆ ಒಪ್ಪಂದಕ್ಕೆ ಬಂದರು. ಮೈಸೂರು ಕಾಂಗ್ರೆಸ್ಸಿಗೆ ಮಾನ್ಯತೆ ಸಿಕ್ಕಿತು, ಸಂಸ್ಥಾನದ ಧ್ವಜದ ಪಕ್ಕದಲ್ಲಿ ಕಾಂಗ್ರೆಸ್ ಬಾವುಟಕ್ಕೂ ಜಾಗವಾಯಿತು. ಇದನ್ನು ಔದಾರ್ಯ ಎನ್ನುವವರಿದ್ದಾರೆ. ನನಗೆ ಕಾಣುವುದು ಬಗ್ಗಿ ಉಳಿಯುವ ಜಾಣತನ. ಬಗ್ಗದೆ ಮುರಿದವರಿಗಿಂತ ಅದು ಮೇಲು, ಇನ್ನಷ್ಟು ರಕ್ತ ಹರಿಯಲಿಲ್ಲ. ಆದರೆ ಬಾವುಟ ಬಿಟ್ಟುಕೊಟ್ಟವರು ಗದ್ದುಗೆಯ ಅಧಿಕಾರ ಬಿಡಲಿಲ್ಲ. ಜನಪ್ರತಿನಿಧಿಗಳಿಗೆ ಉತ್ತರ ಕೊಡಬೇಕಾದ ಜವಾಬ್ದಾರಿ ಸರ್ಕಾರಕ್ಕೆ ಇನ್ನೂ ಒಂಬತ್ತು ವರ್ಷ ಕಾಯಬೇಕಾಯಿತು, 'ಮೈಸೂರು ಚಲೋ' ಚಳವಳಿ ನಡೆಯಬೇಕಾಯಿತು. ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದದ್ದು 1947ರ ಅಕ್ಟೋಬರ್‌ನಲ್ಲಿ, ದೇಶ ಸ್ವತಂತ್ರವಾದ ಮೇಲೆ.

ಇಂದಿಗೂ ಜಗತ್ತಿನ ಎಷ್ಟೋ ಸರ್ವಾಧಿಕಾರಗಳು ಚುನಾವಣೆಯನ್ನೂ ನಡೆಸುತ್ತವೆ, ಶಾಸನಸಭೆಯನ್ನೂ ಇಟ್ಟುಕೊಂಡಿವೆ. ಅವು ರಸ್ತೆ, ಅಕ್ಕಿ ಕೊಡುತ್ತವೆಯೇ ಎಂಬುದರಿಂದ ನಾನು ಅಳೆಯಲಾರೆ. ಪಡೆದವರು ಎದ್ದು ನಿಂತು ಬೇಡವೆಂದರೆ ಏನಾಗುತ್ತದೆ ಎಂದು ಕೇಳುತ್ತೇನೆ.

ಬದನವಾಳಿನಲ್ಲಿ ಹಂಜಿ ಹಿಡಿದ ಕೈಗೆ ಮತಚೀಟಿ ಸಿಕ್ಕಿದ್ದು 1951–52ರ ಮಹಾಚುನಾವಣೆಯಲ್ಲಿ, ರಾಟೆಗೆ ಆಸರೆ ಸಿಕ್ಕಿ ಸುಮಾರು ಕಾಲು ಶತಮಾನ ಕಳೆದ ಮೇಲೆ.