ಚಂದಾ ಬೇರೆ, ವರ್ತನೆ ಬೇರೆ ಸ್ವಾಮಿ

ಸಬ್‌ಸ್ಕ್ರೈಬ್‌ಗೆ ಕನ್ನಡದಲ್ಲಿ ಏನಂತಾರೆ ಅಂತ ಕೇಳಿ ನೋಡಿ. ಹತ್ತರಲ್ಲಿ ಒಂಬತ್ತು ಜನ 'ಚಂದಾದಾರರಾಗೋದು' ಅಂತಾರೆ. ಸಬ್‌ಸ್ಕ್ರಿಪ್ಷನ್‌ಗೆ? ಅದಕ್ಕೂ 'ಚಂದಾ', ಸ್ವಲ್ಪ ಭಾರ ಬೇಕಿದ್ದರೆ 'ಚಂದಾದಾರಿಕೆ'. ಮುಗೀತು, ಅನುವಾದ ಆಯ್ತು, ಮುಂದಿನ ಸ್ಕ್ರೀನ್‌ಗೆ ಹೋಗೋಣ. ಈ ಸೋಮಾರಿತನದಿಂದ ನಮ್ಮ ಜನರ ಜೇಬಿಗೆ ಕತ್ತರಿ ಬೀಳ್ತಿದೆ ಅನ್ನೋದು ನನ್ನ ತಕರಾರು.

ನಮ್ಮ ಮನೆಯದೇ ಎರಡು ಉದಾಹರಣೆ ಕೊಡ್ತೀನಿ. ಗುಬ್ಬಿ ತಾಲ್ಲೂಕಿನ ಹಳ್ಳಿಯಲ್ಲಿರೋ ನಮ್ಮಮ್ಮ ದಿನಾ ಯೂಟ್ಯೂಬ್‌ನಲ್ಲಿ ಅಡುಗೆ, ಹರಿಕಥೆ ನೋಡ್ತಾರೆ. ಆದರೆ ಯಾವ ಚಾನೆಲ್ಲಿಗೂ ಸಬ್‌ಸ್ಕ್ರೈಬ್ ಆಗಲ್ಲ. "ಬ್ಯಾಡ ಕಣಪ್ಪ, ಚಂದಾದಾರರಾಗಿ ಅಂತಾರೆ, ಒತ್ತಿದ್ರೆ ದುಡ್ಡು ಹೋಗ್ತದೆ" ಅಂತಾರೆ. ಇತ್ತ ಕುಣಿಗಲ್‌ನಲ್ಲಿರೋ ಚಿಕ್ಕಪ್ಪ ಒಂದು ಆ್ಯಪ್‌ನಲ್ಲಿ 'ಕೇವಲ 1 ರೂಪಾಯಿ' ಅನ್ನೋದನ್ನ ನೋಡಿ ಒತ್ತಿದರು, ಯುಪಿಐ ಪಿನ್ ಹಾಕಿದರು. ಮುಂದಿನ ತಿಂಗಳಿಂದ 199 ರೂಪಾಯಿ ಕಟ್ ಆಗ್ತಾ ಹೋಯ್ತು. "ನಾನು ಒಂದು ರೂಪಾಯಿ ಕೊಟ್ಟು ತಗೊಂಡಿದ್ದಲ್ವಾ?" ಅನ್ನೋದು ಅವರ ಪ್ರಶ್ನೆ. ಪುಕ್ಕಟೆ ಇರೋ ಕಡೆ ಅಮ್ಮನಿಗೆ ಭಯ, ದುಡ್ಡು ಹೋಗೋ ಕಡೆ ಚಿಕ್ಕಪ್ಪನಿಗೆ ಧೈರ್ಯ. ಇಬ್ಬರೂ ದಡ್ಡರಲ್ಲ. ಎರಡೂ ಕಡೆ ಒಂದೇ ಪದ ಅಂಟಿಸಿದವರು ನಾವು, ಬೆಂಗಳೂರಲ್ಲಿ ಕೂತು ಆ್ಯಪ್ ಮಾಡೋ ಜನ.

ಇಂಗ್ಲಿಷಿನಲ್ಲೇ ಈ ಜೋಡಿ ಪದಗಳು ಜಾರುಬಂಡೆ. ಸಬ್‌ಸ್ಕ್ರೈಬ್‌ನ ಮೂಲ ಲ್ಯಾಟಿನ್: ಕೆಳಗೆ ಬರೆಯೋದು, ಅಂದರೆ ಸಹಿ ಹಾಕೋದು. ಒಂದು ಅಭಿಪ್ರಾಯ ಒಪ್ಪೋದಕ್ಕೂ ಅದೇ ಪದ, ಹಣ ಕೊಡ್ತೀನಿ ಅಂತ ಒಪ್ಪೋದಕ್ಕೂ ಅದೇ. ಐಪಿಒ ಹುಚ್ಚಿರೋರಿಗೆ ಗೊತ್ತು, 'ಮೂರು ಪಟ್ಟು ಸಬ್‌ಸ್ಕ್ರೈಬ್ ಆಯ್ತು' ಅಂದರೆ ಷೇರಿಗೆ ಅರ್ಜಿ ಹಾಕಿದ್ದು. 1982ರ ಚಿಟ್ ಫಂಡ್ಸ್ ಕಾಯ್ದೆಯಲ್ಲಿ ಚೀಟಿ ಹಾಕಿದವನು ಸಬ್‌ಸ್ಕ್ರೈಬರ್, ಅವನು ಕಟ್ಟೋ ಕಂತು ಸಬ್‌ಸ್ಕ್ರಿಪ್ಷನ್. ಯೂಟ್ಯೂಬ್ ಬಂದು ಇದೇ ಸಬ್‌ಸ್ಕ್ರೈಬ್‌ನಿಂದ ದುಡ್ಡನ್ನ ಕಳಚಿ ಹಾಕಿತು, ಅಲ್ಲಿ ಅದಕ್ಕೆ 'ಹೊಸ ವಿಡಿಯೋ ಬಂದರೆ ಹೇಳು' ಅನ್ನೋಷ್ಟೇ ಅರ್ಥ. ಓಟಿಟಿಯವರು ಸಬ್‌ಸ್ಕ್ರಿಪ್ಷನ್‌ನಲ್ಲಿ ದುಡ್ಡನ್ನ ಹಾಗೇ ಉಳಿಸಿಕೊಂಡರು. ಈಗ ಕ್ರಿಯಾಪದ ಪುಕ್ಕಟೆ, ನಾಮಪದಕ್ಕೆ ಕಾಸು. ಬಟನ್ ಮೇಲೆ ಪುಕ್ಕಟೆ ಪದ ಬರೆದು ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಕಾಸಿನ ಪದ ತೋರಿಸೋದು ಮಾರೋರಿಗೆ ಎಷ್ಟು ಸಲೀಸು ನೋಡಿ.

ಸಹಿ ಅಂದೆನಲ್ಲ, ಹಳ್ಳಿಯಲ್ಲಿ ಓದಲು ಬಾರದವರ ಸಹಿ ಹೆಬ್ಬೆಟ್ಟು. ಕೆಳಗೆ ಹೆಬ್ಬೆಟ್ಟು ಒತ್ತೋ ಮುಂಚೆ "ಮ್ಯಾಲೆ ಏನು ಬರ್ದವ್ರೆ ಓದಪ್ಪ" ಅಂತ ಶಾಲೆಗೆ ಹೋಗೋ ಹುಡುಗನನ್ನ ಕರೆಸೋರು. ಈಗಲೂ ಬಟನ್ ಒತ್ತೋದು ಅದೇ ಹೆಬ್ಬೆಟ್ಟಲ್ಲಿ. ಮೇಲೆ ಬರೆದಿರೋದು ಮಾತ್ರ ಓದೋಕೆ ಬಾರದಷ್ಟು ಸಣ್ಣ ಅಕ್ಷರ, ಅದೂ ಇಂಗ್ಲಿಷು.

ಇನ್ನು ಕನ್ನಡಕ್ಕೆ ಬನ್ನಿ. ಪದಗಳ ಬಡತನ ನಮಗಿಲ್ಲ. ಗಣೇಶನ ಪೆಂಡಾಲಿಗೆ ರಸೀದಿ ಪುಸ್ತಕ ಹಿಡಿದು ಬರೋರಿಗೆ ಕೊಡೋದು ಚಂದಾ. ಊರ ಹಬ್ಬಕ್ಕೆ ಮನೆಗಿಷ್ಟು ಅಂತ ಎತ್ತೋದು ವಂತಿಗೆ. ಚೀಟಿಗೆ ಕಟ್ಟೋದು ಕಂತು. ತುಮಕೂರಿಂದ ಬೆಂಗಳೂರಿಗೆ ದಿನಾ ರೈಲಲ್ಲಿ ಓಡಾಡೋರ ಹತ್ತಿರ ಇರೋದು ಪಾಸ್. ದುಡ್ಡು ಹೇಗೆ ಹೋಗುತ್ತೆ, ಯಾವಾಗ ನಿಲ್ಲುತ್ತೆ ಅನ್ನೋದರ ಮೇಲೆ ನಮ್ಮ ಜನ ಬೇರೆ ಬೇರೆ ಪದ ಇಟ್ಟುಕೊಂಡಿದ್ದಾರೆ. ಪಾಸ್ ಅವಧಿ ಮುಗಿದರೆ ತಾನೇ ಸಾಯುತ್ತೆ, ಮತ್ತೆ ಬೇಕಂದ್ರೆ ನಾವೇ ಕೌಂಟರಿಗೆ ಹೋಗಿ ನಿಲ್ಲಬೇಕು. ಪತ್ರಿಕೆ ಚಂದಾನೂ ಹಾಗೇ ಇತ್ತು. ವರ್ಷಕ್ಕೊಮ್ಮೆ ಮನಿ ಆರ್ಡರ್ ಕಳಿಸಿದರೆ ವರ್ಷ ಪೂರ್ತಿ ಪತ್ರಿಕೆ. ವರ್ಷ ತುಂಬಿದಾಗ 'ನಿಮ್ಮ ಚಂದಾ ಮುಗಿದಿದೆ' ಅಂತ ಒಂದು ಚೀಟಿ. ಹೇಳದೆ ಕೇಳದೆ ಮುಂದಿನ ವರ್ಷದ ದುಡ್ಡನ್ನ ಯಾವ ಸಂಪಾದಕರೂ ನಮ್ಮ ಪೆಟ್ಟಿಗೆಯಿಂದ ತಗೊಂಡು ಹೋಗಲಿಲ್ಲ. ಚಂದಾ ಅನ್ನೋದು ಪಾರಸಿಯ 'ಚಂದ್'ನಿಂದ ಬಂದದ್ದು, ಕೆಲವು, ಎಷ್ಟೋ ಅಂತ ಅರ್ಥ. (ನಮ್ಮ 'ಚಂದ'ಕ್ಕೂ ಅದಕ್ಕೂ ಸಂಬಂಧ ಇಲ್ಲ, ಬ್ಯಾಂಕ್ ಬ್ಯಾಲೆನ್ಸ್ ನೋಡಿದವರಿಗೆ ಇದು ಹೇಳಬೇಕಾಗಿಲ್ಲ.) ಆ ಪದದಲ್ಲೇ ಲೆಕ್ಕ ಇದೆ: ಇಷ್ಟು ಕೊಟ್ಟೆ, ಮುಗೀತು.

ತಿಂಗಳು ತಿಂಗಳು ನಡೆದುಕೊಂಡು ಹೋಗೋದಕ್ಕೆ ನಮ್ಮ ಕಡೆ ಇರೋ ಪದ ಬೇರೆ: ವರ್ತನೆ. ವರ್ತನೆ ಹಾಲು, ವರ್ತನೆ ಹೂವು. ಬೆಂಗಳೂರಿನ ಹಳೇ ಬಡಾವಣೆಗಳಲ್ಲೂ ಇದು ಗೊತ್ತು. ಇದರ ನಿಯಮ ನೋಡಿ, ಯಾವ ಪ್ರಾಡಕ್ಟ್ ಮ್ಯಾನೇಜರ್ರೂ ಬರೆದದ್ದಲ್ಲ. ಮೊದಲು ಹಾಲು, ಆಮೇಲೆ ದುಡ್ಡು. ಬೇಡವಾದ ದಿನ ಕ್ಯಾಲೆಂಡರಲ್ಲಿ ಒಂದು ಗೀಟು, ತಿಂಗಳ ಕೊನೆಗೆ ಅಷ್ಟು ಕಳೆದು ಲೆಕ್ಕ. "ನಾಳೆಯಿಂದ ಬೇಡ ಕಣಮ್ಮ" ಅಂದರೆ "ಯಾಕಮ್ಮ, ಹಾಲು ಚೆನ್ನಾಗಿಲ್ವಾ?" ಅಂತ ಒಂದು ಪ್ರಶ್ನೆ, ಅಷ್ಟೇ. 'ನಿಜವಾಗಲೂ ನಮ್ಮನ್ನ ಬಿಟ್ಟು ಹೋಗ್ತೀರಾ?' ಅಂತ ಅಳೋ ಮುಖದ ಚಿತ್ರ ಇಲ್ಲ, ಐದು ಸ್ಕ್ರೀನ್ ಸುತ್ತಾಟ ಇಲ್ಲ. ವರ್ತನೆ ಅಂದರೆ ನಡತೆ ಅಂತಲೂ ಅರ್ಥ, ಅದು ಎರಡೂ ಕಡೆಗೆ ಅನ್ವಯಿಸ್ತಿತ್ತು.

"ಸರ್ಕಾರ ನಿಯಮ ಮಾಡಿದೆಯಲ್ಲ" ಅಂತ ನನ್ನ ಜೊತೆ ಕೆಲಸ ಮಾಡೋರು ವಾದಿಸ್ತಾರೆ. ಮಾಡಿದೆ, ಒಳ್ಳೇದೇ. ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್ 1ರಿಂದ ಪೂರ್ತಿ ಜಾರಿಗೆ ಬಂತು. ಅದರ ಪ್ರಕಾರ ತಾನಾಗೇ ಕಟ್ ಆಗೋ ಹಣಕ್ಕೆ ಕನಿಷ್ಠ 24 ಗಂಟೆ ಮುಂಚೆ ತಿಳಿಸಬೇಕು. ಆದರೆ ಒಂದು ಮಿತಿಯ ಒಳಗಿನ ಮೊತ್ತಕ್ಕೆ ಪ್ರತಿ ಸಲ ಪಿನ್ನಾಗಲಿ ಓಟಿಪಿಯಾಗಲಿ ಬೇಕಿಲ್ಲ. ಮೊದಲು 5,000 ಇದ್ದ ಆ ಮಿತಿ 2022ರಲ್ಲಿ 15,000 ಆಯ್ತು. ಅಂದರೆ 199 ರೂಪಾಯಿಗೆ ಯಾರೂ ಬಾಗಿಲು ತಟ್ಟಲ್ಲ. 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 13 ಬಗೆಯ ಡಾರ್ಕ್ ಪ್ಯಾಟರ್ನ್‌ಗಳನ್ನ ಪಟ್ಟಿ ಮಾಡಿ ನಿಷೇಧಿಸಿತು. ಅದರಲ್ಲಿ 'ಸಬ್‌ಸ್ಕ್ರಿಪ್ಷನ್ ಟ್ರ್ಯಾಪ್' ಕೂಡ ಒಂದು. ಪುಕ್ಕಟೆ ಸಬ್‌ಸ್ಕ್ರಿಪ್ಷನ್‌ಗೆ ಆಟೋ ಡೆಬಿಟ್ ಒಪ್ಪಿಗೆ ಕೊಡಲೇಬೇಕು ಅಂತ ಒತ್ತಾಯಿಸೋದು, ರದ್ದು ಮಾಡೋ ದಾರಿ ಬಚ್ಚಿಡೋದು, ಎಲ್ಲ ಅದರಡಿ ಬರುತ್ತೆ.

ಚಿಕ್ಕಪ್ಪನ ಫೋನಿಗೂ ಮುನ್ಸೂಚನೆ ಬಂದಿತ್ತು, ನಾನೇ ನೋಡಿದೆ. ಇಂಗ್ಲಿಷಿನಲ್ಲಿ, 'ಮ್ಯಾಂಡೇಟ್' ಅನ್ನೋ ಪದ ಹೊತ್ತು. ಮ್ಯಾಂಡೇಟ್ ಅಂದರೆ ನಮ್ಮ ಟಿವಿಗಳ ಕನ್ನಡದಲ್ಲಿ ಜನಾದೇಶ. ಕುಣಿಗಲ್ಲಿನ ಮನುಷ್ಯ ಅದನ್ನ ಎಲೆಕ್ಷನ್ ಮೆಸೇಜ್ ಅಂದುಕೊಂಡು ಡಿಲೀಟ್ ಮಾಡಿದರೆ ಯಾರ ತಪ್ಪು? ಕಾನೂನು ಓದುಗನಿಗೆ ಅರ್ಥವಾಗೋ ಭಾಷೆಯಲ್ಲಿ ಬಾಗಿಲಿಗೆ ಬರದಿದ್ದರೆ ಅದು ಇದ್ದೂ ಇಲ್ಲದ ಹಾಗೆ.

ಅದಕ್ಕೇ ಕನ್ನಡ ಇಂಟರ್‌ಫೇಸ್ ಬರೆಯೋರ ಹತ್ತಿರ ನನ್ನ ಜಗಳ. ಪುಕ್ಕಟೆ ಚಾನೆಲ್ ಬಟನ್‌ಗೆ ದಯವಿಟ್ಟು ಚಂದಾ ಅನ್ನಬೇಡಿ. 'ಸಬ್‌ಸ್ಕ್ರೈಬ್' ಅಂತಲೇ ಬಿಡಿ, ಜನ ಕಲಿತಾಗಿದೆ, ಮಡಿವಂತಿಕೆ ಬೇಡ. ವರ್ಷಕ್ಕೊಮ್ಮೆ ಕಟ್ಟಿ ತಾನಾಗೇ ಮುಗಿಯೋದಿದ್ದರೆ ಚಂದಾ ಅನ್ನಿ. ತಾನಾಗೇ ಕಟ್ ಆಗೋದಕ್ಕೆ ವರ್ತನೆ ಅನ್ನೋ ಮರ್ಯಾದೆಯ ಪದ ಸಲ್ಲಲ್ಲ, ನಿಲ್ಲಿಸೋದು ಹಾಲಿನಷ್ಟು ಸುಲಭ ಆಗೋವರೆಗೂ ಅದನ್ನ ಬಳಸೋಕೆ ನನ್ನ ಒಪ್ಪಿಗೆಯೂ ಇಲ್ಲ. ಸದ್ಯಕ್ಕೆ ಬಟನ್ ಮೇಲೆ ಹೀಗೆ ಬರೀರಿ: 'ಇವತ್ತು 1 ರೂಪಾಯಿ, ಆಮೇಲೆ ನೀವು ನಿಲ್ಲಿಸೋವರೆಗೂ ಪ್ರತಿ ತಿಂಗಳು 199 ರೂಪಾಯಿ ಕಡಿತ.' ಡಿಸೈನರ್ ಉದ್ದ ಆಯ್ತು ಅಂತಾನೆ. ಆಗಲಿ. ಎರಡು ಸಾಲು ಮಾಡು ಅನ್ನಿ.

ನೀವು ಈ ವಾರ ಊರಿಗೆ ಹೋದರೆ ಅಪ್ಪ ಅಮ್ಮನ ಫೋನ್ ಒಮ್ಮೆ ಇಸ್ಕೊಳ್ಳಿ. ಯುಪಿಐ ಆ್ಯಪ್ ಒಳಗೆ ಆಟೋಪೇ ಅಂತ ಒಂದು ಜಾಗ ಇರುತ್ತೆ. ಅದನ್ನ ತೆರೆದು, ಅಲ್ಲಿರೋ ಒಂದೊಂದು ಹೆಸರನ್ನೂ ಓದಿ ಹೇಳಿ, "ಇದು ಬೇಕಾ?" ಅಂತ ಕೇಳಿ.