ಗಡಿಯಲ್ಲಿ ಇಂಗಾಲದ ಲೆಕ್ಕ

ಐರೋಪ್ಯ ಒಕ್ಕೂಟವು ಆಮದು ಸರಕುಗಳ ಮೇಲಿನ ಇಂಗಾಲ ಶುಲ್ಕ ವ್ಯವಸ್ಥೆಯನ್ನು 2026ರ ಜನವರಿ 1ರಿಂದ ಪೂರ್ಣಪ್ರಮಾಣದಲ್ಲಿ ಜಾರಿಗೆ ತಂದಿದೆ. ಉಕ್ಕು, ಅಲ್ಯೂಮಿನಿಯಂ, ಸಿಮೆಂಟುಗಳ ಜೊತೆಗೆ ನಟ್ಟು, ಬೋಲ್ಟು, ಸ್ಕ್ರೂಗಳೂ ಅದರ ಪಟ್ಟಿಯಲ್ಲಿವೆ ಎಂಬುದು ಅನೇಕ ಸಣ್ಣ ಉದ್ದಿಮೆದಾರರ ಗಮನಕ್ಕೆ ಇನ್ನೂ ಬಂದಂತಿಲ್ಲ.

ಶತಮಾನಗಳ ಕಾಲ ಹೊಗೆಯುಗುಳಿ ಶ್ರೀಮಂತವಾದ ರಾಷ್ಟ್ರಗಳು ಈಗ ಬಡ ದೇಶಗಳ ಸರಕಿಗೆ ಲೆಕ್ಕ ಕೇಳುವುದು 1992ರ ಹವಾಮಾನ ಒಪ್ಪಂದದ ಆಶಯಕ್ಕೆ ವಿರುದ್ಧವೆಂಬ ಭಾರತದ ಆಕ್ಷೇಪಣೆ ನ್ಯಾಯಸಮ್ಮತವೇ ಆಗಿದೆ. ಆದರೆ ಆಕ್ಷೇಪಣೆ ಸಲ್ಲುವುದು ದೆಹಲಿಯಿಂದ. ಖರೀದಿದಾರನ ಪತ್ರ ಬರುವುದು ಪೀಣ್ಯದ ಕಾರ್ಖಾನೆಗೆ.

ವರ್ಷಕ್ಕೆ 50 ಟನ್ನಿನವರೆಗೆ ವಿನಾಯಿತಿ ಇದೆಯೆಂದು ಕೆಲವರು ನಿಶ್ಚಿಂತರಾಗಿದ್ದಾರೆ. ಆ ಮಿತಿ ಅನ್ವಯಿಸುವುದು ಅಲ್ಲಿನ ಆಮದುದಾರನ ಒಟ್ಟು ಆಮದಿಗೆ, ಇಲ್ಲಿನ ರಫ್ತುದಾರನಿಗಲ್ಲ. ಹೊರೆ ಮೊದಲಿಗೆ ಅಲ್ಪವಾಗಿದ್ದು, 2034ರ ವೇಳೆಗೆ ಪೂರ್ಣವಾಗಲಿದೆ.

ಮೂಲದೇಶದಲ್ಲಿ ತೆತ್ತ ಇಂಗಾಲದ ಬೆಲೆಯನ್ನು ಕಳೆಯಲು ಈ ನಿಯಮದಲ್ಲಿ ಅವಕಾಶವಿದೆ. ವಿಪರ್ಯಾಸವೆಂದರೆ, ಭಾರತದಲ್ಲಿ ಕಲ್ಲಿದ್ದಲಿನ ಮೇಲೆ 2010ರಲ್ಲಿ ಟನ್ನಿಗೆ 50 ರೂ.ಗಳಿಂದ ಆರಂಭವಾಗಿ 2016ರಲ್ಲಿ 400 ರೂ.ಗಳಿಗೇರಿದ ಸೆಸ್ಸು 2017ರಲ್ಲಿ ಜಿಎಸ್‌ಟಿ ಪರಿಹಾರ ಸೆಸ್ಸಾಗಿ ರೂಪಾಂತರಗೊಂಡು, 2025ರ ಸೆಪ್ಟೆಂಬರ್‌ನಲ್ಲಿ ರದ್ದಾಯಿತು. ಬದಲಿಗೆ ಜಿಎಸ್‌ಟಿ ದರ ಶೇ. 5ರಿಂದ 18ಕ್ಕೆ ಏರಿತು. ಹೂಡುವಳಿ ತೆರಿಗೆ ಜಮೆಯಾಗಿ ಉದ್ದಿಮೆಗೆ ಮರಳುವ ಈ ತೆರಿಗೆಯನ್ನು ಇಂಗಾಲದ ಬೆಲೆಯೆಂದು ಬ್ರಸೆಲ್ಸ್‌ನಲ್ಲಿ ತೋರಿಸಿ ಒಪ್ಪಿಸುವುದು ದುಸ್ತರ. 2023ರಲ್ಲಿ ಅಧಿಸೂಚಿತವಾದ ದೇಶೀಯ ಇಂಗಾಲ ವಹಿವಾಟು ಯೋಜನೆಗೆ ಅಲ್ಲಿ ಮನ್ನಣೆ ದೊರಕಿಸುವುದೇ ಸರ್ಕಾರದ ಮೊದಲ ಕೆಲಸವಾಗಬೇಕು. ತೆರಬೇಕಾದ ಹಣ ತೆರಲೇಬೇಕೆಂದಾದರೆ ಅದು ಸ್ವದೇಶದ ಬೊಕ್ಕಸಕ್ಕೇ ಸೇರಲಿ.

ಸಣ್ಣ ಉದ್ದಿಮೆಯ ನಿಜವಾದ ಕಷ್ಟ ಬೇರೆಯೇ. ಬೋಲ್ಟು ತಯಾರಕನ ಸ್ವಂತ ಕುಲುಮೆಯ ಹೊಗೆ ಅತ್ಯಲ್ಪ. ಬಹುಪಾಲು ಅವನು ಕೊಂಡ ಉಕ್ಕಿನ ಸರಳಿನಲ್ಲಿಯೇ ಅಡಗಿದೆ. ಊದುಕುಲುಮೆಯ ಒಂದು ಟನ್ ಉಕ್ಕಿಗೆ ಸುಮಾರು ಎರಡು ಟನ್ ಇಂಗಾಲಾಮ್ಲ ಹೊರಬೀಳುತ್ತದೆ. ಗುಜರಿ ಕರಗಿಸುವ ವಿದ್ಯುತ್ ಕುಲುಮೆಯಲ್ಲಿ ಅದು ಬಹಳ ಕಡಿಮೆ. ಸರಳು ಯಾವ ಕುಲುಮೆಯದೆಂದು ಹೇಳಬೇಕಾದವನು ಉಕ್ಕು ತಯಾರಕ. ಅವನು ಅಂಕಿ ಕೊಡದಿದ್ದರೆ ಒಕ್ಕೂಟವೇ ನಿಗದಿಪಡಿಸಿದ ದುಬಾರಿ ಅಂಕಿ ಅನ್ವಯವಾಗುತ್ತದೆ. ಅಂದರೆ ಶುದ್ಧ ಉಕ್ಕು ಕೊಂಡವನೂ ದಂಡ ತೆತ್ತಂತೆ.

ಉಕ್ಕಿನ ಪ್ರತಿ ಲಾರಿಯೊಂದಿಗೆ ರಾಸಾಯನಿಕ ಸಂಯೋಜನೆಯ ಪರೀಕ್ಷಾ ಪ್ರಮಾಣಪತ್ರ ಈಗಲೂ ಬರುತ್ತದೆ. ಅದರಲ್ಲಿಯೇ ಇಂಗಾಲದ ಅಂಕಿಗೂ ಒಂದು ಸಾಲು ಕಡ್ಡಾಯವಾಗಲಿ. ಈ ಬೇಡಿಕೆಯನ್ನು ಸಂಸ್ಥೆಯು ತನ್ನ ಮುಂದಿನ ಆಯವ್ಯಯಪೂರ್ವ ಮನವಿಯಲ್ಲಿ ಸೇರಿಸುವುದು ಉಚಿತ.