ಬೀಡು ಕಬ್ಬಿಣದ ಪರವಾಗಿ

ನನ್ನ ಸೋದರಳಿಯ ಕಾರು ಕಟ್ಟುತ್ತಿದ್ದಾನೆ. ನಮ್ಮ ಕುಟುಂಬದಲ್ಲಿ ಮನೆ ಕಟ್ಟಿದವರಿದ್ದಾರೆ, ತೋಡಿಗೆ ಕಟ್ಟ ಕಟ್ಟಿದವರಿದ್ದಾರೆ, ಯಕ್ಷಗಾನದ ಮೇಳ ಕಟ್ಟಿ ಕೈಸುಟ್ಟುಕೊಂಡ ಅಜ್ಜನೊಬ್ಬರೂ ಇದ್ದರು. ಕಾರು ಕಟ್ಟುವವನು ಇವನೇ ಮೊದಲು. ಸುಳ್ಯದ ಹತ್ತಿರದ ಅವನ ಮನೆಯ ಅಡಿಕೆ ಕೊಟ್ಟಿಗೆಯಲ್ಲಿ ಕಬ್ಬಿಣದ ಕೊಳವೆಗಳ ಹಂದರವೊಂದು ಮೂರು ವರ್ಷದಿಂದ ನಿಂತಿದೆ. ಎರಡೇ ಸೀಟು. ಬೆನ್ನ ಹಿಂದೆ ಗುಜರಿಯಿಂದ ತಂದ ಮಾರುತಿ ಎಸ್ಟೀಮಿನ 1298 ಸಿಸಿ ಎಂಜಿನ್. ಅದಕ್ಕೊಂದು ಟರ್ಬೋ ಕೂರಿಸಲೇಬೇಕೆಂಬುದು ಅವನ ಹಟ. ಹಟ ತಪ್ಪೆಂದು ನಾನು ಹೇಳುವುದಿಲ್ಲ. ಇಪ್ಪತ್ತಾರರ ವಯಸ್ಸಿನಲ್ಲಿ ಹಟ ಹಿಡಿಯುವುದಕ್ಕೆ ಇದಕ್ಕಿಂತ ಕೆಟ್ಟ ಸಂಗತಿಗಳು ಬೇಕಾದಷ್ಟಿವೆ.

ನನ್ನ ತಕರಾರು ಬೇರೆ. ಎಂಜಿನ್ ತಂದ ದಿನವೇ ಅವನು ಮಾಡಿದ ಮೊದಲ ಕೆಲಸವೆಂದರೆ, ಅದರ ಜೊತೆಯಲ್ಲೇ ಬಂದಿದ್ದ ಎಕ್ಸಾಸ್ಟ್ ಮ್ಯಾನಿಫೋಲ್ಡನ್ನು ಬಿಚ್ಚಿ ಅದೇ ಗುಜರಿಯವನಿಗೆ ಕಿಲೋ ಲೆಕ್ಕದಲ್ಲಿ ಮಾರಿದ್ದು. "ಅದು ಬೀಡು ಮಾವ, ಅದರಲ್ಲಿ ಏನಿದೆ?" ಎಂದ. ಬೀಡು ಎಂದರೆ ನಮ್ಮ ಕಡೆಯವರಿಗೆ ಬಲ್ಲಾಳರ ಬೀಡು ನೆನಪಾಗಬಹುದು. ಇದು ಆ ಬೀಡಲ್ಲ, ಎರಕ ಹೊಯ್ದ ಕಬ್ಬಿಣ. ಕಾರ್ಖಾನೆಯವರು ಮಾಡಿಕೊಟ್ಟ ಕಪ್ಪು, ಒರಟು, ತುಕ್ಕು ಹಿಡಿದ ಆ ತುಂಡಿನ ಜಾಗಕ್ಕೆ ದೂರದ ನಗರದ ಅಂಗಡಿಯೊಂದರಿಂದ ಸ್ಟೇನ್‌ಲೆಸ್ ಸ್ಟೀಲಿನ, ಹಾವಿನಂತೆ ಬಳುಕುವ ನಾಲ್ಕು ಕೊಳವೆಗಳ ಮ್ಯಾನಿಫೋಲ್ಡ್ ಬಂತು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬೆಲೆ ಅರ್ಧ ಕ್ವಿಂಟಾಲ್ ಚಾಲಿ ಅಡಿಕೆಯದ್ದು.

ಮ್ಯಾನಿಫೋಲ್ಡ್ ಎಂದರೇನೆಂದು ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಎಂಜಿನ್ನಿನ ನಾಲ್ಕು ಸಿಲಿಂಡರುಗಳಿಂದ ಉರಿದ ಹೊಗೆ ನಾಲ್ಕು ಬಾಗಿಲುಗಳಲ್ಲಿ ಹೊರಬರುತ್ತದೆ. ಅದನ್ನು ಒಟ್ಟುಗೂಡಿಸಿ ಒಂದೇ ಕೊಳವೆಗೆ ಸಾಗಿಸುವ ನಾಲ್ಕು ಬೆರಳಿನ ಕೈಯೇ ಮ್ಯಾನಿಫೋಲ್ಡ್. ಟರ್ಬೋ ಕೂರುವುದು ಆ ಕೈಯ ಮಣಿಕಟ್ಟಿಗೆ. ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊಸ ಗಾಳಿಯನ್ನು ಒತ್ತಿ ಎಂಜಿನ್ನಿನೊಳಗೆ ತುಂಬುತ್ತದೆ. ಬಿಸಾಡುವ ಹೊಗೆಯಿಂದಲೇ ಕೆಲಸ ತೆಗೆಯುವ ಈ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಶಿ ಎಂಬ ಎಂಜಿನಿಯರ್ 1905ರಲ್ಲಿ ಪೇಟೆಂಟ್ ಪಡೆದ. ಹಳೆಯ ವಿದ್ಯೆಯೇ.

ಹೊಳೆಯುವ ಮ್ಯಾನಿಫೋಲ್ಡ್ ಎಷ್ಟು ದಿನ ಬಂತು ಕೇಳಿ. ಮನೆಯ ತೋಟದ ಮಾರ್ಗದಲ್ಲಿ ಮೂರನೆಯ ದಿನ, ಏರಿನಲ್ಲಿ, ಗರಗಸ ಎಳೆದಂಥ ಶಬ್ದ ಬಂತು. ನಿಲ್ಲಿಸಿ ನೋಡಿದರೆ ಮೂರನೆಯ ಕೊಳವೆ ಬುಡದ ಬೆಸುಗೆಯಲ್ಲಿ ಅರ್ಧ ಸುತ್ತು ಸೀಳಿತ್ತು. ಮಾರಿದವನಿಗೆ ಫೋನು ಮಾಡಿದರೆ, "ನೀವು ಕೂರಿಸಿದ ಕ್ರಮ ಸರಿಯಿಲ್ಲ" ಎಂಬ ಉತ್ತರ. ಅವನ ಮಾತಿನಲ್ಲಿ ಅರ್ಧ ಸತ್ಯವಿತ್ತು. ಐದಾರು ಕಿಲೋ ಭಾರದ ಟರ್ಬೋವನ್ನು ಒಂದೂವರೆ ಮಿಲಿಮೀಟರ್ ದಪ್ಪದ ಕೊಳವೆಗಳ ತುದಿಗೆ ಆಧಾರವಿಲ್ಲದೆ ನೇತುಹಾಕಲಾಗಿತ್ತು. ಆದರೆ ಆಧಾರ ಬೇಕೆಂದು ಆ ಪೆಟ್ಟಿಗೆಯೊಳಗಿನ ಕಾಗದದಲ್ಲಿ ಎಲ್ಲಿಯೂ ಬರೆದಿರಲಿಲ್ಲ.

ಇನ್ನರ್ಧ ಸತ್ಯ ಕಬ್ಬಿಣದ್ದು. ಪೆಟ್ರೋಲ್ ಎಂಜಿನ್ ಪೂರ್ತಿ ಜೋರಿನಲ್ಲಿದ್ದಾಗ ಹೊಗೆಯ ಬಿಸಿ 850ರಿಂದ 950 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಮ್ಯಾನಿಫೋಲ್ಡ್ ಕೆಂಪಗಾಗುತ್ತದೆ. ಒಂದು ಅಡಿ ಉದ್ದದ ಬೀಡಿನ ಬಿಸಿ 700 ಡಿಗ್ರಿಯಷ್ಟು ಏರಿದರೆ ಅದು ಸುಮಾರು ಎರಡೂವರೆ ಮಿಲಿಮೀಟರ್ ಹಿಗ್ಗುತ್ತದೆ. ಅಷ್ಟೇ ಉದ್ದದ ಸ್ಟೇನ್‌ಲೆಸ್ ಹಿಗ್ಗುವುದು ನಾಲ್ಕು ಮಿಲಿಮೀಟರಿನ ಹತ್ತಿರ. ಅದನ್ನು ಬಿಗಿದು ಹಿಡಿದಿರುವ ಅಲ್ಯೂಮಿನಿಯಂ ಹೆಡ್ಡಾದರೋ ಒಳಗೆ ನೀರು ಹರಿಯುವುದರಿಂದ ನೂರು ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಅರ್ಧ ಮಿಲಿಮೀಟರ್ ಅಲುಗಿದರೆ ಹೆಚ್ಚು. ಒಬ್ಬ ಹಿಗ್ಗುತ್ತಾನೆ, ಇನ್ನೊಬ್ಬ ಬಿಡುವುದಿಲ್ಲ. ಎಲ್ಲಿ ಬಡಕಲೋ ಅಲ್ಲಿ ಹರಿಯುತ್ತದೆ. ಕೂಡು ಕುಟುಂಬದಲ್ಲಿ ಬೆಳೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಕಾರ್ಖಾನೆಯವನಿಗೆ ಇದು ಗೊತ್ತಿದೆ. ಅವನು ಬೀಡನ್ನು ಬಳಸಿದ್ದು ಬರೀ ಜಿಪುಣತನದಿಂದಲ್ಲ. ದಪ್ಪ ಗೋಡೆ ಭಾರ ಹೊರುತ್ತದೆ, ಶಬ್ದ ನುಂಗುತ್ತದೆ, ಕಡಿಮೆ ಹಿಗ್ಗುತ್ತದೆ. ಸ್ಟಡ್ಡಿನ ತೂತುಗಳನ್ನು ಒಂದಿಷ್ಟು ದೊಡ್ಡದಾಗಿ, ಕೊನೆಯವನ್ನು ಕೆಲವೊಮ್ಮೆ ಉದ್ದುದ್ದವಾಗಿಯೂ ಬಿಟ್ಟಿರುತ್ತಾನೆ. ಅದನ್ನು ನೋಡಿ "ಎಂಥ ಒರಟು ಕೆಲಸ" ಎಂದು ಮೂಗು ಮುರಿಯುವವರಿದ್ದಾರೆ. ಅದು ಒರಟಲ್ಲ, ಹಿಗ್ಗುವುದಕ್ಕೆ ಬಿಟ್ಟ ಜಾಗ.

ನಮ್ಮ ಹುಡುಗರ ವಾದ ನನಗೆ ಗೊತ್ತಿಲ್ಲದ್ದಲ್ಲ. ಸಮ ಉದ್ದದ ಕೊಳವೆಗಳಲ್ಲಿ ಹೊಗೆಯ ಒಂದೊಂದು ಬಡಿತವೂ ಸರಿಯಾದ ಅಂತರದಲ್ಲಿ ಬರುತ್ತದೆ, ಒಂದು ಸಿಲಿಂಡರಿನ ಹೊಗೆ ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ, ಏಳು ಸಾವಿರ ಸುತ್ತಿನ ಮೇಲೆ ಅದರ ಲಾಭ ಕಾಣುತ್ತದೆ. ಒಪ್ಪಿದೆ. ಟರ್ಬೋ ಇಲ್ಲದ ರೇಸಿನ ಎಂಜಿನ್ನಿಗೆ ಅದೇ ಸರಿ. ಟರ್ಬೋ ಇದ್ದಾಗಲೂ ದೊಡ್ಡ ಸ್ಪರ್ಧೆಯಲ್ಲಿ ಕೊನೆಯ ಹತ್ತು ಕುದುರೆಯ ಶಕ್ತಿಗೆ ಬಡಿದಾಡುವವರು ದಪ್ಪ ಗೋಡೆಯ ಒಳ್ಳೆಯ ಕೊಳವೆ ತಂದು, ಆಧಾರ ಕೊಟ್ಟು, ಹಿಗ್ಗುವ ಕೀಲು ಇಟ್ಟು ಮಾಡಿಕೊಳ್ಳಲಿ. ಆದರೆ ಟರ್ಬೋದ ಚಕ್ರವೇ ಹೊಗೆಯ ದಾರಿಗೆ ಅಡ್ಡ ಕುಳಿತಿರುವಾಗ, ಅರ್ಧ ಬಾರ್ ಒತ್ತಡವನ್ನೂ ಮುಟ್ಟದ ನಮ್ಮ ಕೊಟ್ಟಿಗೆಯ ಕಾರಿಗೆ ಆ ಸೊಬಗು ಯಾತಕ್ಕೆ? ಬೀಡಿನ ಗಿಡ್ಡ ಮ್ಯಾನಿಫೋಲ್ಡಿನಲ್ಲಿ ದಾರಿ ಹತ್ತಿರ, ಬಿಸಿ ಹೊರಗೆ ಸೋರುವುದು ಕಡಿಮೆ, ಚಕ್ರ ಬೇಗ ತಿರುಗುತ್ತದೆ. ಘಟ್ಟದ ತಿರುವಿನಿಂದ ಮೇಲೇಳುವಾಗ ಬೇಕಾದದ್ದು ಅದು.

ಕಾರ್ಖಾನೆಗಳು ಈ ಗಿಡ್ಡ ದಾರಿಯನ್ನು ಬಿಟ್ಟಿವೆಯೆಂದು ತಿಳಿಯಬೇಡಿ. 2013ರಲ್ಲಿ ನಮ್ಮ ದೇಶಕ್ಕೆ ಬಂದ ಫೋರ್ಡ್ ಇಕೋಸ್ಪೋರ್ಟಿನ ಒಂದು ಲೀಟರ್ ಟರ್ಬೋ ಎಂಜಿನ್ನಿನಲ್ಲಿ ಮ್ಯಾನಿಫೋಲ್ಡ್ ಪ್ರತ್ಯೇಕವಾಗಿ ಇರಲೇ ಇಲ್ಲ. ಅದನ್ನು ಇನ್ನೂ ಗಿಡ್ಡ ಮಾಡಿ, ಹೆಡ್ಡಿನೊಳಗೇ ಎರಕ ಹೊಯ್ದು, ಸುತ್ತ ನೀರು ಹರಿಸಿದ್ದರು. ಬೀಡಿನ ಮರ್ಯಾದೆಯ ಪ್ರಶ್ನೆ ಬಂದರೆ ಇನ್ನೊಂದು ಸಾಕ್ಷಿ ಇದೆ. 1983ರಲ್ಲಿ ಬ್ರಾಭಮ್ ಕಾರಿನಲ್ಲಿ ನೆಲ್ಸನ್ ಪಿಕೆ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದ. ಟರ್ಬೋ ಎಂಜಿನ್ನಿನಲ್ಲಿ ಆ ಪಟ್ಟ ಗೆದ್ದ ಮೊದಲಿಗ. ಆ ಬಿಎಂಡಬ್ಲ್ಯು ಎಂಜಿನ್ನಿನ ಬ್ಲಾಕು, ಪೇಟೆಯಲ್ಲಿ ಓಡುವ ಸಾಧಾರಣ ಕಾರಿನ ಎಂಜಿನ್ನಿನಿಂದ ಬಂದದ್ದು, ಬೀಡು ಕಬ್ಬಿಣದ್ದು. ಜರ್ಮನರು ಅದನ್ನು ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕಲಿಲ್ಲ.

ಸೀಳಿದ ಕೊಳವೆಯನ್ನು ಹಿಡಿದುಕೊಂಡು ನಾವು ಹೋದದ್ದು ಕಡಬಕ್ಕೆ. ಅಲ್ಲಿ ಒಬ್ಬ ಮೇಸ್ತ್ರಿ ಇದ್ದಾರೆ. ವಯಸ್ಸು ಎಪ್ಪತ್ತರ ಮೇಲೆ. ಹೆಸರು ಹಾಕುವುದು ಬೇಡವೆಂದಿದ್ದಾರೆ. 1980ರ ದಶಕದಲ್ಲಿ ಪೆಟ್ರೋಲ್ ಕುಡಿಯುವ ಹಳೆಯ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸುವ ಕೆಲಸ ನಮ್ಮ ಕಡೆ ಜೋರಾಗಿದ್ದಾಗ ಅವರ ಕೈ ಪಳಗಿದ್ದು. ಬಸ್ಸು ಬಾರದ ಊರುಗಳಿಗೆ ಹತ್ತು ಹದಿನೈದು ಜನರನ್ನು ಹೊತ್ತು ಓಡುತ್ತಿದ್ದ ಜೀಪುಗಳು ಅವು. ಎಲ್ಲಿಂದಲೋ ಕಳಚಿ ತಂದ ಎಂಜಿನ್ನಿನ ಹೊಗೆಬಾಯಿ ಸರಿಯಾಗಿ ಚಾಸಿಗೋ ಸ್ಟಿಯರಿಂಗಿಗೋ ತಾಗುತ್ತಿತ್ತು. ಆಗ ಹೊಸ ಮ್ಯಾನಿಫೋಲ್ಡ್ ತರಿಸಲು ಅಂಗಡಿಯೂ ಇಲ್ಲ, ದುಡ್ಡೂ ಇಲ್ಲ. ಇದ್ದದ್ದನ್ನೇ ಕತ್ತರಿಸಿ, ಬಾಯಿ ತಿರುಗಿಸಿ ಕೂರಿಸುವುದು ಒಂದೇ ದಾರಿ. ತಪ್ಪಿದರೆ ಹದಿನೈದು ಜನರೊಂದಿಗೆ ಜೀಪು ಘಟ್ಟದಲ್ಲಿ ನಿಲ್ಲುತ್ತದೆ. ಇದಕ್ಕಿಂತ ಕಠಿಣ ಪರೀಕ್ಷೆ ಯಾವ ಕಾಲೇಜಿನಲ್ಲಿದೆ?

ಅವರು ಮೊದಲು ಕೇಳಿದ್ದು, "ಇದರದ್ದೇ ಬೀಡು ಎಲ್ಲಿ?" ಅಳಿಯ ನೆಲ ನೋಡಿದ. ಮಾರಿದ್ದರ ನಾಲ್ಕು ಪಾಲು ಬೆಲೆ ಕೊಟ್ಟು ಅದೇ ಗುಜರಿಯಿಂದ ಇನ್ನೊಂದನ್ನು ತಂದೆವು.

ಮೇಸ್ತ್ರಿ ಕೆಳಮುಖವಾಗಿದ್ದ ಅದರ ಕುತ್ತಿಗೆಯನ್ನು ಕತ್ತರಿಸಿ ತೆಗೆದರು. ಟರ್ಬೋ ಮೇಲಿರಬೇಕು, ಅದರ ಬೇರಿಂಗಿಗೆ ಹೋದ ಎಣ್ಣೆ ತನ್ನಷ್ಟಕ್ಕೆ ಕೆಳಗಿಳಿದು ಸಂಪಿಗೆ ಬೀಳಬೇಕು. ಕೆಳಗಿಟ್ಟರೆ ಎಣ್ಣೆ ತಡೆದು ನಿಂತು ಹೊಗೆಯಲ್ಲಿ ಉರಿಯುತ್ತದೆ. ಹಾಗಾಗಿ ಮೇಲ್ಮುಖವಾಗಿ ಹನ್ನೆರಡು ಮಿಲಿಮೀಟರ್ ದಪ್ಪದ ಉಕ್ಕಿನ ಚಪ್ಪಟೆಯನ್ನು ಬೆಸೆಯಬೇಕು. ಬೀಡಿಗೆ ಬೆಸುಗೆ ಹಿಡಿಯುವುದಿಲ್ಲವೆಂದು ಹೇಳುವವರು ಬಹಳ. ಹಿಡಿಯುತ್ತದೆ, ಅವಸರ ಮಾಡಿದರೆ ಬಿಡುತ್ತದೆ. ಬೀಡಿನಲ್ಲಿ ನೂರಕ್ಕೆ ಮೂರರ ಮೇಲೆ ಇಂಗಾಲವಿರುತ್ತದೆ. ಬೆಸುಗೆಯ ಬಿಸಿ ತಟ್ಟಿದ ಜಾಗ ಥಟ್ಟನೆ ತಣಿದರೆ ಆ ಇಂಗಾಲ ಅಲ್ಲೇ ಗಟ್ಟಿಯಾಗಿ, ಗಾಜಿನಂತೆ ಪೆಡಸಾಗಿ, ಪಕ್ಕದಲ್ಲೇ ಬಿರುಕು ಬಿಡುತ್ತದೆ. ಮೇಸ್ತ್ರಿ ಅದನ್ನು ಗೆರಟೆ ಕೆಂಡದ ಮೇಲೆ ಒಂದು ಗಂಟೆ ಇಟ್ಟರು. ಹಿಡಿಸೂಡಿಯ ಕಡ್ಡಿ ಮುಟ್ಟಿಸಿದರೆ ಕೂಡಲೇ ಕಪ್ಪಾಗಬೇಕು, ಅಲ್ಲಿಯವರೆಗೆ ಬೆಸುಗೆಯ ಮಾತಿಲ್ಲ. ಆಮೇಲೆ ನಿಕ್ಕಲ್ ರಾಡಿನಲ್ಲಿ ಒಂದೊಂದು ಇಂಚು ಎಳೆದು, ಸಣ್ಣ ಸುತ್ತಿಗೆಯಿಂದ ತಟ್ಟಿ, ಆಚೆ ಬದಿಗೆ ಹೋಗಿ ಮತ್ತೊಂದು ಇಂಚು. ಮುಗಿದ ಮೇಲೆ ಒಂದು ಡಬ್ಬ ಒಣ ಉಮಿಬೂದಿಯಲ್ಲಿ ಹೂತಿಟ್ಟರು. ಮರುದಿನ ಮಧ್ಯಾಹ್ನ ತೆಗೆದಾಗಲೂ ಕೈಗೆ ಬೆಚ್ಚಗಿತ್ತು. ಪುತ್ತೂರಿನ ಲೇತಿನಲ್ಲಿ ಮುಖ ಸಮ ಮಾಡಿಸಿ, ಕೊನೆಯ ತೂತುಗಳನ್ನು ಅರದಿಂದ ಒಂದಿಷ್ಟು ಉದ್ದ ಮಾಡಿ, ಟರ್ಬೋದ ಭಾರವನ್ನು ಬ್ಲಾಕಿಗೆ ದಾಟಿಸುವ ಪಟ್ಟಿಯೊಂದನ್ನು ಕೊಟ್ಟು ಕೂರಿಸಿದರು. ಡೀಸೆಲ್ ಕಾರಿನಿಂದ ತಂದಿದ್ದ ಟರ್ಬೋವನ್ನು ನೋಡಿ ಮಾತ್ರ ತಲೆಯಾಡಿಸಿದರು. ಡೀಸೆಲಿನ ಹೊಗೆ ಪೆಟ್ರೋಲಿನದ್ದಕ್ಕಿಂತ ತಣ್ಣಗೆ, ಅದರ ಚಿಪ್ಪು ಈ ಬಿಸಿಗೆ ಬಾಳುವುದಿಲ್ಲವೆಂದು. ಅಳಿಯ ಅದನ್ನು ಕೇಳಿದ್ದಾನೆ, ಇನ್ನೂ ಬದಲಿಸಿಲ್ಲ.

ಬಿರುಕು ಬಿಡಲಿಲ್ಲವೇ ಎಂದರೆ, ಬಿಟ್ಟಿದೆ. ಹನ್ನೊಂದನೆಯ ತಿಂಗಳಲ್ಲಿ ಎರಡನೆಯ ಮತ್ತು ಮೂರನೆಯ ಬೆರಳಿನ ನಡುವೆ ಕೂದಲಿನಷ್ಟು ಗೆರೆ ಬಂತು, ಬೆಸುಗೆಯಿಂದ ದೂರದಲ್ಲಿ. ಅದರ ಎರಡು ತುದಿಗೂ ಸಣ್ಣ ತೂತು ಕೊರೆದು ನಿಲ್ಲಿಸಿದ್ದಾರೆ. ಗೆರೆ ಅಲ್ಲಿಯೇ ಇದೆ, ಕಾರು ಓಡುತ್ತಿದೆ.

ಓಡುತ್ತಿದೆ ಎಂದೆ. ಎಲ್ಲಿ ಎಂದು ಆರ್‌ಟಿಓ ಕಚೇರಿಯವರು ಕೇಳುವ ಮೊದಲೇ ಹೇಳುತ್ತೇನೆ: ತೋಟದ ಮಾರ್ಗದಲ್ಲಿ. ಕಾರ್ಖಾನೆ ಕೊಟ್ಟ ವಿವರಕ್ಕೆ ಹೊರತಾಗಿ ವಾಹನವನ್ನು ಬದಲಿಸಬಾರದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಹೇಳುತ್ತದೆ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಅದನ್ನೇ ಗಟ್ಟಿಮಾಡಿ ಹೇಳಿತು. ಆಡಬೇಕಾದರೆ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಚೆನ್ನೈ ಹತ್ತಿರದ ಇರುಂಗಾಟುಕೋಟೈಗೋ ಲಾರಿಯ ಮೇಲೆ ಹೊತ್ತು ಹೋಗಬೇಕು. ಸೈಲೆನ್ಸರ್ ಕಿತ್ತು ರಾತ್ರಿ ಹನ್ನೊಂದಕ್ಕೆ ಪೇಟೆಯ ನಿದ್ದೆ ಕೆಡಿಸುವವರಿಗೆ ಈ ಕಾಯಿದೆ ಸಾಲದು ಎಂಬ ಪಕ್ಷದವನು ನಾನು. ಅವರು ಕಟ್ಟುವವರಲ್ಲ, ಕೀಳುವವರು. ಎರಡನ್ನೂ ಒಂದೇ ಬುಟ್ಟಿಗೆ ಹಾಕಬಾರದು, ಅಷ್ಟೆ.

ನನ್ನ ನಿಜವಾದ ಸಿಟ್ಟು ಹುಡುಗರ ಮೇಲೂ ಅಲ್ಲ. ಸುಳ್ಯದಲ್ಲಿ ಕುರುಂಜಿ ವೆಂಕಟ್ರಮಣ ಗೌಡರು 1986ರಲ್ಲಿ ಎಂಜಿನಿಯರಿಂಗ್ ಕಾಲೇಜನ್ನೇ ತಂದರು. ಪುತ್ತೂರಿನಲ್ಲೂ ಒಂದಿದೆ. ನಮ್ಮ ಮೂರು ತಾಲೂಕುಗಳಲ್ಲಿ ಮೆಕ್ಯಾನಿಕಲ್ ಓದಿದವರಿಗೆ ಬರಗಾಲವಿಲ್ಲ. ಆದರೆ ಹಾಗೆ ಓದಿದ ನಮ್ಮ ನೆಂಟರೊಬ್ಬರು ಉಮಿಬೂದಿಯ ಡಬ್ಬವನ್ನು ನೋಡಿ ನಕ್ಕು "ಜುಗಾಡ್" ಎಂದರು. ಬೆಸುಗೆಯ ಪುಸ್ತಕದಲ್ಲಿ ಅದನ್ನೇ 'ನಿಧಾನ ತಣಿಸುವಿಕೆ' ಎಂದು ಬರೆದರೆ ಪರೀಕ್ಷೆಗೆ ಓದುತ್ತಾರೆ. ಹೊಳೆಯುವ ಕೊಳವೆಗೆ ಜುಗಾಡ್ ಎಂಬ ಹೆಸರಿಲ್ಲ, ಮೂರು ದಿನದಲ್ಲಿ ಸೀಳಿದರೂ ಇಲ್ಲ.

ಇದು ಪುತ್ತೂರಿನ ನೆಲ. ಶಿವರಾಮ ಕಾರಂತರು ಇಲ್ಲಿ ಕುಳಿತು ಇಡೀ ವಿಜ್ಞಾನವನ್ನು ಕನ್ನಡದಲ್ಲಿ ಬರೆದುಕೊಟ್ಟರು. 1988ರಲ್ಲಿ ಇಲ್ಲಿಂದಲೇ ಹೊರಟ 'ಅಡಿಕೆ ಪತ್ರಿಕೆ' ಕೃಷಿಕನ ಕೈಗೆ ಲೇಖನಿ ಕೊಟ್ಟು, ಅವನು ಗದ್ದೆಯಲ್ಲಿ ಕಂಡದ್ದನ್ನು ಅವನೇ ಬರೆಯುವಂತೆ ಮಾಡಿತು. ಬೋರ್ಡೋ ದ್ರಾವಣದ ಬಗ್ಗೆ ನಾವು ಬರೆದದ್ದೆಷ್ಟು, ಇಂಗುಗುಂಡಿಯ ಬಗ್ಗೆ ಬರೆದದ್ದೆಷ್ಟು! ಆ ಬೋರ್ಡೋ ಹೊಡೆಯುವ ಪಂಪನ್ನು, ನೀರೆತ್ತುವ ಎಂಜಿನ್ನನ್ನು, ಅಡಿಕೆ ಹೊರುವ ಜೀಪನ್ನು ನಲವತ್ತು ವರ್ಷ ಓಡಿಸಿದ ಗ್ಯಾರೇಜಿನವನ ಕೈಗೆ ಲೇಖನಿ ಕೊಡಬೇಕೆಂದು ಯಾರಿಗೂ ತೋಚಲಿಲ್ಲ. ನನಗೂ ತೋಚಿರಲಿಲ್ಲ. ಅವನ ಅಂಗಿಯ ಗ್ರೀಸು ನಮ್ಮ ಚಾವಡಿಗೆ ತಾಗೀತೆಂಬ ಭಯವಿತ್ತು, ಒಪ್ಪಿಕೊಳ್ಳೋಣ.

ಮೇಸ್ತ್ರಿಯ ಲೆಕ್ಕಪತ್ರವೆಲ್ಲ ಶೆಡ್ಡಿನ ಗೋಡೆಯ ಮೇಲಿದೆ, ಚಾಕಿನಲ್ಲಿ. ಯಾವ ಎಂಜಿನ್ನಿನ ಹೊಗೆಬಾಯಿಗೆ ಎಷ್ಟು ಸ್ಟಡ್ಡು, ತೂತಿನಿಂದ ತೂತಿಗೆ ಎಷ್ಟು, ಯಾವುದನ್ನು ಎತ್ತ ತಿರುಗಿಸಿದರೆ ಯಾವ ಚಾಸಿಗೆ ಕೂರುತ್ತದೆ. ಮಗ ಬೆಂಗಳೂರಿನಲ್ಲಿದ್ದಾನೆ. ಶೆಡ್ಡನ್ನು ಬಾಡಿಗೆಗೆ ಕೊಡುವ ಮಾತುಕತೆ ನಡೆದಿದೆ, ಬರುವವರು ಸುಣ್ಣ ಹೊಡೆಸಿ ಕೊಡಬೇಕೆಂದಿದ್ದಾರಂತೆ. ನಾನು ಭಾನುವಾರಗಳಂದು ಇನ್ನೂರು ಪುಟದ ಪುಸ್ತಕ ಹಿಡಿದುಕೊಂಡು ಹೋಗುತ್ತೇನೆ. ಅಳಿಯ ಟಾರ್ಚು ಹಿಡಿಯುತ್ತಾನೆ. ಎರಡು ಗೋಡೆ ಮುಗಿದಿದೆ. ಮೂರನೆಯದರ ಮೇಲೆ ಕಳೆದ ಆಟಿಯಲ್ಲಿ ಮಾಡಿನ ನೀರು ಇಳಿದಿದೆ. ಅರ್ಧ ಅಂಕಿಗಳು ಮಾತ್ರ ಕಾಣುತ್ತವೆ, ಉಳಿದದ್ದನ್ನು ಅವರು ಕಣ್ಣು ಮುಚ್ಚಿಕೊಂಡು ನೆನಪಿನಿಂದ ಹೇಳುತ್ತಿದ್ದಾರೆ.